ಅಂಥ ಗದ್ದಲ ನಮ್ಮ ಕಥೆಗಳಿಗೂ ಬೇಕು

ತುಮಕೂರು ಕಡೆಯ ಶಿಕ್ಷಕಿಯೊಬ್ಬರ ಪತ್ರ: "ಒಂಬತ್ತನೇ ಕ್ಲಾಸಿನ ಮಗಳು ಟೋಮಿ ಅಡೆಯೆಮಿಯ 'ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್' ಎಂಬ ಇಂಗ್ಲಿಷ್ ಕಾದಂಬರಿ ಹಿಡಿದು ಕೂತರೆ ಊಟಕ್ಕೂ ಏಳುವುದಿಲ್ಲ. ಅಷ್ಟು ಹೆಸರು ಮಾಡಿದೆಯಲ್ಲ ಅಂತ ನಾನೂ ಓದಿದೆ. ಪ್ರೇಮಕಥೆ ಅವಸರದ್ದು. ಕಥೆ ಹೇಳುವ ಮೂವರ ದನಿಯೂ ಒಂದೇ ಥರ. ಇದಕ್ಕೆ ಇಷ್ಟೊಂದು ಗದ್ದಲ ಬೇಕಿತ್ತಾ? ಇದೇ ಹುಡುಗಿ ಕನ್ನಡ ಪುಸ್ತಕ ಕೊಟ್ಟರೆ ಎರಡು ಪುಟಕ್ಕೆ ಮುಚ್ಚಿಡುತ್ತಾಳೆ."

ಮೇಡಂ, ಪ್ರೇಮದ ವಿಷಯದಲ್ಲಿ ನಿಮ್ಮ ಮಾತು ಸರಿ. ಕಥಾನಾಯಕಿ ಜೆಲಿಯನ್ನು ಹಿಡಿಯಲು ಹೊರಟ ಯುವರಾಜ ಇನಾನ್ ಅಷ್ಟು ಬೇಗ ಮನಸ್ಸು ಕೊಡುವುದು ನನಗೂ ಒಪ್ಪಿಗೆಯಾಗಲಿಲ್ಲ. ಗದ್ದಲವೂ ನಿಜ. ಪುಸ್ತಕ ಬಂದದ್ದು 2018ರ ಮಾರ್ಚ್‌ನಲ್ಲಿ, ಸಿನಿಮಾ ಹಕ್ಕು ಮಾರಾಟವಾದದ್ದು ಅದಕ್ಕೂ ಒಂದು ವರ್ಷ ಮೊದಲು. ಆಗ ಲೇಖಕಿಗೆ 23 ವರ್ಷ.

ಆದರೆ ಮೊದಲ ಅಧ್ಯಾಯಕ್ಕೆ ಇನ್ನೊಮ್ಮೆ ಹೋಗಿ. ಮಾಮಾ ಅಗ್ಬಾ ಎಂಬ ಮುದುಕಿ ಹುಡುಗಿಯರಿಗೆ ಗುಟ್ಟಾಗಿ ದೊಣ್ಣೆವರಸೆ ಕಲಿಸುತ್ತಾಳೆ. ಸೈನಿಕರು ಬಂದರೆ ದೊಣ್ಣೆ ಬಚ್ಚಿಟ್ಟು ಹೊಲಿಗೆ ಹಿಡಿದು ಕೂರುತ್ತಾರೆ. ಮಾಯಾಶಕ್ತಿಯ ಕುಲದಲ್ಲಿ ಬಿಳಿ ಕೂದಲಿನೊಂದಿಗೇ ಹುಟ್ಟಿದ ಇಂಥವರ ಮೇಲೆ ರಾಜ ತೆರಿಗೆ ಏರಿಸುತ್ತಲೇ ಇರುತ್ತಾನೆ. ಕಟ್ಟಲಾಗದವರಿಗೆ ಜೀತ. ಜೆಲಿಯ ತಾಯಿಯನ್ನು ಆ ರಾಜನ ಕಡೆಯವರೇ ಕೊಂದಿದ್ದಾರೆ. ಹದಿನಾಲ್ಕು ವರ್ಷದ ಮಗುವಿಗೆ ಇದು ಸುಮ್ನೆ ಮಾಯ-ಮಂತ್ರದ ಕಥೆ ಅಲ್ಲ. ಕೊನೆಯ ಟಿಪ್ಪಣಿಯನ್ನು ನೀವು ಬಿಟ್ಟಿರಬಹುದು ಅಂತ ನನ್ನ ಅನುಮಾನ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತ ಕಪ್ಪು ಜನರ ಸುದ್ದಿ ನೋಡಿ ನೋಡಿ ಹುಟ್ಟಿದ ಭಯ, ಸಿಟ್ಟು ಈ ಕಥೆಯನ್ನು ಬರೆಸಿತು ಎನ್ನುತ್ತಾಳೆ ಅಡೆಯೆಮಿ. 2014ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ 12 ವರ್ಷದ ತಮಿರ್ ರೈಸ್ ಅಂಥ ಮಕ್ಕಳಲ್ಲಿ ಒಬ್ಬ. ದಯವಿಟ್ಟು ಮಗಳ ಜೊತೆ ಕೂತು ಅದನ್ನು ಓದಿ.

ಇನ್ನೊಂದು ಸಂಗತಿ. ಅಡೆಯೆಮಿಯ ತಂದೆ-ತಾಯಿ ನೈಜೀರಿಯಾದಿಂದ ಅಮೆರಿಕಕ್ಕೆ ಹೋದವರು. ಆದರೂ ಆ ನಾಡಿನ ಯೊರುಬಾ ಜನರ ದೇವತೆಗಳ ಚಿತ್ರ ಆಕೆಯ ಮನಸ್ಸಿಗೆ ನಾಟಿದ್ದು ಬ್ರೆಜಿಲ್‌ನ ಸಾಲ್ವಡೋರ್ ಊರಿನ ಒಂದು ಅಂಗಡಿಯಲ್ಲಿ. ಗುಲಾಮರಾಗಿ ಹಡಗಿನಲ್ಲಿ ಬಂದ ಜನ ಆ ದೇವತೆಗಳನ್ನು ಅಲ್ಲಿಯವರೆಗೆ ಕಾಪಾಡಿಕೊಂಡು ಬಂದಿದ್ದರು. ಹೆತ್ತವರ ನಾಡಿನ ದೇವರು ಅಷ್ಟು ದೂರದಲ್ಲಿ ಸಿಕ್ಕ ಮೇಲೆ ಆ ಹುಡುಗಿ ಸುಮ್ಮನೆ ಕೂರಲಿಲ್ಲ. 500 ಪುಟ ದಾಟಿದ ಕಾದಂಬರಿ ಬರೆದಳು. ಮಂತ್ರಗಳನ್ನು ಯೊರುಬಾ ಭಾಷೆಯಲ್ಲೇ ಇಟ್ಟಳು.

ನಮ್ಮ ದೇವರು ನಮಗೆ ಅಷ್ಟು ದೂರ ಇಲ್ಲ ಅಲ್ವಾ? ನಿಮ್ಮ ಜಿಲ್ಲೆಯಲ್ಲೇ ಕಾಡುಗೊಲ್ಲರು ಗಣೆ ಎಂಬ ಉದ್ದನೆಯ ಕೊಳಲು ಊದಿ ತಮ್ಮ ದೈವ ಜುಂಜಪ್ಪನನ್ನು ಹಾಡುತ್ತಾರೆ. ಕಂಸಾಳೆಯವರು ಹಾಡುವ ಮಾದೇಶ್ವರ ಹುಲಿ ಏರಿ ಬರುತ್ತಾನೆ. ಅವನು ಎದುರಿಸುವ ಶ್ರವಣ ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಂಡ ದೊರೆ. ಮಂಟೇಸ್ವಾಮಿಯ ಜನಪದ ಕಾವ್ಯದಲ್ಲಿ ಅವನ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಬ್ಬಿಣದ ಕೆಲಸದವರ, ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗುತ್ತಾನೆ. ಅವರು ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ, ಅವನು ಒಂದೊಂದನ್ನೂ ಗೆಲ್ಲುತ್ತಾನೆ. ಇದಕ್ಕಿಂತ ಜಾಸ್ತಿ ರೋಚಕ ಕಥೆ ಯಾವ ಹದಿಹರೆಯದವರಿಗೆ ಬೇಕು? ಆದರೆ ಇವೆಲ್ಲ ವಿದ್ವಾಂಸರು ಸಂಪಾದಿಸಿದ ದಪ್ಪ ಸಂಪುಟಗಳಲ್ಲಿವೆ, ಇಲ್ಲವೇ ಪಠ್ಯಪುಸ್ತಕದ ನಾಲ್ಕು ಪುಟದಲ್ಲಿವೆ. ಸಂಪುಟ ಎಂ.ಎ. ವಿದ್ಯಾರ್ಥಿಗೆ, ಪಾಠ ಪರೀಕ್ಷೆಗೆ. ನಡುವಿನ ಮಗುವಿಗೆ ಏನಿದೆ?

ನಾನು ಹೋದ ಕನ್ನಡ ಪುಸ್ತಕದಂಗಡಿಗಳಲ್ಲೆಲ್ಲ ಈ ವಯಸ್ಸಿನವರ ಕಪಾಟು ಎಲ್ಲಿ ಅಂತ ಕೇಳುತ್ತೇನೆ. ಬಣ್ಣದ ಚಿತ್ರದ ಪುಸ್ತಕ ತೋರಿಸುತ್ತಾರೆ, ಇಲ್ಲ ಅಂದರೆ ದೊಡ್ಡವರ ಕಾದಂಬರಿ. ಪ್ರಕಾಶಕ ಮಿತ್ರರು "ಈ ವಯಸ್ಸಿನವರು ಕನ್ನಡ ಓದಲ್ಲ ಸಾರ್" ಎನ್ನುತ್ತಾರೆ. ಅಚ್ಚು ಹಾಕದೆಯೇ ಅದು ಹೇಗೆ ಗೊತ್ತಾಯಿತು? ಗ್ರಂಥಾಲಯಕ್ಕೆ ಮಾರುವುದೊಂದೇ ಲೆಕ್ಕವಾದ ಮೇಲೆ ಓದುವ ಮಗುವಿನ ಮುಖ ಯಾರಿಗೆ ನೆನಪಿರುತ್ತದೆ?

ನಿಮ್ಮ ಮಗಳು ಎರಡು ಪುಟಕ್ಕೆ ಮುಚ್ಚಿಟ್ಟ ಪುಸ್ತಕ ಯಾವುದು ಅಂತ ನೀವು ಬರೆದಿಲ್ಲ. ತಿಳಿಸಿ. ಅವಳನ್ನು ದೂರಬೇಡಿ, ಅಷ್ಟು ದಪ್ಪದ ಪುಸ್ತಕ ಓದುವ ಹುಡುಗಿಗೆ ಓದಿನ ಸೋಮಾರಿತನ ಇಲ್ಲ. ಮತ್ತೆ, ಜುಂಜಪ್ಪನ ಹಾಡು ಬಲ್ಲ ಹಿರಿಯರು ನಿಮ್ಮ ಶಾಲೆಯ ಸುತ್ತಮುತ್ತ ಇದ್ದರೆ ಒಂದು ಸಂಜೆ ಕರೆಸಿ, ಮಕ್ಕಳಿಗೆ ಕೇಳಿಸಿ. ಕೇಳಿದವರಲ್ಲಿ ಯಾರಾದರೂ ಅದನ್ನು ತಮ್ಮ ಕಥೆಯಾಗಿ ಬರೆದರೆ ನಮಗೆ ಕಳಿಸಿ. ಚೆನ್ನಾಗಿದ್ದರೆ ಧಾರಾವಾಹಿಯಾಗಿ ಹಾಕುತ್ತೇನೆ, ಮುಖಪುಟದಲ್ಲಿ ದೊಡ್ಡದಾಗಿ ಹೆಸರು ಕೊಟ್ಟು.

— ಸಂಪಾದಕ