ಅಬಿಯೋಲಾ ಅಧಿಕಾರ ವಹಿಸಿಕೊಂಡಿದ್ದರೇ?

ಚುನಾವಣೆಯಲ್ಲಿ ಗೆದ್ದ ಉದ್ಯಮಿ ಮೊಶೂದ್ ಅಬಿಯೋಲಾ ನೈಜೀರಿಯಾದ ಅಧ್ಯಕ್ಷರಾಗಿ ಆಡಳಿತ ನಡೆಸಿದ್ದರೇ ಎಂದು ತಾವು ಕೇಳಿದ್ದೀರಿ. ಇಲ್ಲ, ಒಂದು ದಿನವೂ ಇಲ್ಲ. 1937ರಲ್ಲಿ ಅಬೆಯೊಕುಟಾದ ಬಡ ಕುಟುಂಬದಲ್ಲಿ ಹುಟ್ಟಿ, ಗ್ಲಾಸ್ಗೋದಲ್ಲಿ ಲೆಕ್ಕಶಾಸ್ತ್ರ ಓದಿ, ಐಟಿಟಿ ಕಂಪನಿಯ ದೂರಸಂಪರ್ಕ ವ್ಯವಹಾರದಿಂದ ಅಪಾರ ಸಂಪತ್ತು ಗಳಿಸಿದ ಅವರು, ಸೇನಾಧಿಕಾರಿಗಳೊಂದಿಗಿನ ಹಳೆಯ ನಂಟು ತಮ್ಮನ್ನು ಕಾಯುತ್ತದೆಂದು ನಂಬಿದ್ದರೆಂದು ನನಗನ್ನಿಸುತ್ತದೆ. 1993ರ ಜೂನ್ 12ರ ಮತದಾನದಲ್ಲಿ ಅವರು ಎದುರಾಳಿ ಬಶೀರ್ ತೋಫಾ ಅವರ ತವರಾದ ಕಾನೋದಲ್ಲಿಯೂ ಮುಂದಿದ್ದರು. ಆದರೂ ಸೇನಾಡಳಿತಗಾರ ಬಾಬಂಗಿಡಾ ಚುನಾವಣೆಯನ್ನೇ ರದ್ದುಪಡಿಸಿದರು. ಮರುವರ್ಷ ತಾವೇ ಅಧ್ಯಕ್ಷರೆಂದು ಘೋಷಿಸಿಕೊಂಡ ಅಬಿಯೋಲಾ ಅವರನ್ನು, ಅಷ್ಟರಲ್ಲಿ ಅಧಿಕಾರ ಹಿಡಿದಿದ್ದ ಸೇನಾಧಿಕಾರಿ ಸಾನಿ ಅಬಾಚಾ ಅವರ ಸರ್ಕಾರ ಬಂಧಿಸಿತು. 1998ರ ಜುಲೈ 7ರಂದು, ಬಿಡುಗಡೆಯ ಮಾತುಕತೆ ನಡೆಯುತ್ತಿದ್ದಾಗಲೇ, ಅವರು ಬಂಧನದಲ್ಲಿ ತೀರಿಕೊಂಡರು. ಸಾಮಾನ್ಯವಾಗಿ ರಾಷ್ಟ್ರಮುಖ್ಯಸ್ಥರಿಗೆ ಸಲ್ಲುವ, ನೈಜೀರಿಯಾದ ಅತ್ಯುನ್ನತ ರಾಷ್ಟ್ರೀಯ ಗೌರವವಾದ ಜಿಸಿಎಫ್‌ಆರ್ ಅವರಿಗೆ ದೊರೆತದ್ದು 2018ರಲ್ಲಿ.