ಎರಡು ಮೆಥಡಿಸ್ಟ್ ಚರ್ಚು, ನಡುವ ಒಂದು ಮೈಲು

ತಂಗಿ,

ನಿನ್ನ ಮೆಸೇಜು ಎರಡು ಸಲ ಓದಿದೆ. ಬೆಟಗೇರಿಯಿಂದ ಟೆಕ್ಸಸ್ಸಿಗೆ ಬಂದು ನಾಕು ತಿಂಗಳಾತು, ಮಗಳಿಗೆ ಸಾಲಿ ಸಿಕ್ಕೇತಿ, ಕಾರಿನ ಲೈಸೆನ್ಸ್ ಇನ್ನೂ ಆಗಿಲ್ಲ, ಜ್ವಾಳದ ಹಿಟ್ಟು ಎಲ್ಲಿ ಸಿಗತೈತಿ ಅಂತ ಕೇಳಿ, ಕಡೀಕ ಒಂದು ಸಾಲು ಬರದೀ: ‘ಅಣ್ಣಾ, ಒಂದೇ ರಸ್ತೆದಾಗ ಎರಡು ಮೆಥಡಿಸ್ಟ್ ಚರ್ಚು ಅದಾವು. ಎರಡೂ ಕಡೆಯವ್ರು ಕರೀತಾರ. ಒಂದು ಕಡೆ ಮೆಂಬರ್ ಫಾರ್ಮೂ ಕೊಟ್ಟಾರ. ಯಾವುದಕ್ಕ ಹೋಗ್ಲಿ?’

ಹಿಟ್ಟಿನ ಮಾತು ಸಣ್ಣದು. ಇಂಡಿಯನ್ ಸ್ಟೋರಿನ್ಯಾಗ ‘ಜ್ವಾರ್ ಆಟಾ’ ಅಂತ ಕೇಳು. ಹಳೇದಿರತೈತಿ, ಬಡಿಯೋಮುಂದ ಹರೀತೈತಿ, ಕುದಿನೀರು ಸ್ವಲ್ಪ ಜಾಸ್ತಿ ಹಾಕು. ಮಜಾ ಏನಂದ್ರ, ಇದೇ ರಾಜ್ಯದಾಗ ಕಣ್ಣು ಹರಿಯೋಷ್ಟು ದೂರ ಜ್ವಾಳ ಬೆಳೀತಾರ. ಕೆಂಪು ತೆನಿ, ಸೊಂಟದಷ್ಟ ಎತ್ತರ, ಬಹಳಷ್ಟು ದನಕ್ಕ ಹೋಗತೈತಿ. ಒಮ್ಮೆ ಆ ಹೊಲದ ಬಾಜು ಕಾರು ನಿಲ್ಲಿಸಿ, ಸೀತನಿ ನೆನಪಾಗಿ ಹತ್ತು ನಿಮಿಷ ಸುಮ್ನ ನಿಂತೀನಿ. ಲೈಸೆನ್ಸಿಗೆ ಪ್ಯಾರಲಲ್ ಪಾರ್ಕಿಂಗ್ ಕಲಿ, ಬಾಕಿದ್ದು ಸರಳ ಐತಿ. ಬ್ಯಾಂಕು, ಬಾಡಗಿ ನಿನ್ನ ಗಂಡ ನೋಡ್ಕೊತಾನ.

ಚರ್ಚಿನ ಪ್ರಶ್ನೆ ಮಾತ್ರ ಹಂಗ ಮುಗಿಯೂದಲ್ಲ.

ದೊಡ್ಡ ಚರ್ಚು, ಅಂದ್ರ ನಮ್ಮದು, ಅದರ ಇಟ್ಟಂಗಿ ಗ್ವಾಡಿ ನೋಡಿರಬೇಕು ನೀ. ಬಾಗಲದ ಮ್ಯಾಲೆ ಶಿಲುಬೆ ಮತ್ತ ಅದರ ಬಾಜು ಬೆಂಕಿ ಜ್ವಾಲೆ ಆಕಾರದ್ದು ಒಂದು ಕಲೆ ಉಳದೈತಿ. ಅದು ಅಮೆರಿಕಾದ ದೊಡ್ಡ ಪ್ರಾಟೆಸ್ಟಂಟ್ ಪಂಗಡ ಯುನೈಟೆಡ್ ಮೆಥಡಿಸ್ಟರ ಗುರುತು. ಅವರನ್ನ ಬಿಟ್ಟು ಹೊರಗ ಬಂದ ಚರ್ಚು ಆ ಗುರುತು ತೆಗೀಬೇಕು. ತೆಗದ್ವಿ. ಇಷ್ಟು ವರ್ಷ ಬಿಸಿಲು ಬೀಳದ ಜಾಗಾ ಹಂಗ ಉಳೀತು. ಅವತ್ತು ನಿಚ್ಚಣಿಕಿ ಹಿಡದು ಕೆಳಗ ನಿಂತಾವ ನಾನ.

ನಾವು ಬಂದಿದ್ದು 2006ರಾಗ. ಮೊದಲನೇ ಭಾನುವಾರ ಹುಬ್ಬಳ್ಳಿ ದುರ್ಗದಬೈಲಿನ್ಯಾಗ ತಗೊಂಡ ಕೋಟು ಹಾಕ್ಕೊಂಡು, ಹೆಂಡತಿ ರೇಷ್ಮಿ ಸೀರಿ ಉಟಗೊಂಡು, ಕೂಸನ್ನ ಎತಗೊಂಡು ನಡಕೋತ ಹೋದ್ವಿ. ಒಳಗ ಅರ್ಧಾ ಮಂದಿ ಜೀನ್ಸಿನ್ಯಾಗ ಕುಂತಿದ್ರು. ನಮ್ಮನ್ನ ನೋಡಿ ಎದ್ದು ಬಂದಾಕಿ ಒಬ್ಬ ರಿಟೈರ್ಡ್ ಸಾಲಿ ಟೀಚರು. ಆಕೀನ ನಂಗ ಕಾರು ಹೊಡಿಯೂದು ಕಲಿಸಿದ್ಲು, ಖಾಲಿ ಪಾರ್ಕಿಂಗಿನ್ಯಾಗ, ಆರು ಶನಿವಾರ. 2011ರಾಗ ಅಪ್ಪ ಬಂದಾಗ ಅವಂಗ ಇಂಗ್ಲೀಷ್ ಬರಂಗಿಲ್ಲ, ಆಕಿಗೆ ಕನ್ನಡ ಬರಂಗಿಲ್ಲ, ಇಬ್ಬರೂ ತಾಸುಗಟ್ಟಲೆ ಅಂಗಳದಾಗ ಕುಂತು ಮಾತಾಡ್ತಿದ್ರು. ಏನು ಮಾತಾಡಿದ್ರೋ ದೇವ್ರ ಬಲ್ಲ.

ಈಗ ಜಗಳದ ಕತಿ. ನಮ್ಮ ಊರ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವ್ರು ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ, ನಿಮ್ಮ ಬೆಟಗೇರಿಗೆ 1841ರಾಗ ಬಂದ್ರು. ಅವರಾಗ ಲೂಥರನ್ನರೂ ಇದ್ರು, ರಿಫಾರ್ಮ್ಡ್ ಮಂದೀನೂ ಇದ್ರು. 1947ರಾಗ ಸಿಎಸ್‌ಐ, ಅಂದ್ರ ಚರ್ಚ್ ಆಫ್ ಸೌತ್ ಇಂಡಿಯಾ, ಆದಾಗ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು ಕೂಡಿ ಒಂದು ಸಭೆ ಕಟ್ಟಿದ್ರು. ಕೂಡೂದರ ಕತಿ ಕೇಳಿ ಬೆಳೆದಾವ್ರು ನಾವು. ಇಲ್ಲೆ ಬಂದು ನೋಡಿದ್ದು ಬಿಡೂದರ ಕತಿ.

ಸಲಿಂಗ ಮದುವಿ ಮಾಡಿಸಬೇಕೋ ಬ್ಯಾಡೋ, ಸಲಿಂಗಿಗಳಿಗೆ ಪಾದ್ರಿ ದೀಕ್ಷೆ ಕೊಡಬೇಕೋ ಬ್ಯಾಡೋ ಅಂತ ಯುನೈಟೆಡ್ ಮೆಥಡಿಸ್ಟರಾಗ ವಾದ ಹತ್ತಾರು ವರ್ಷದಿಂದ ಇತ್ತು. 2019ರ ಫೆಬ್ರುವರಿಯಾಗ ಸೇಂಟ್ ಲೂಯಿಸ್‌ದಾಗ ವಿಶೇಷ ಸಭೆ ಕೂಡಿ ನಿಷೇಧ ಬಿಗಿ ಮಾಡಿದ್ರು, ಜೊತೀಗೆ 2553 ಅಂತ ಒಂದು ನಿಯಮ ತಂದ್ರು. ಬಿಟ್ಟು ಹೋಗೋ ಚರ್ಚು ಆಸ್ತಿ ಸಮೇತ ಹೋಗಬಹುದು, 2023ರ ಡಿಸೆಂಬರ್ 31ರೊಳಗ. ಇದು ಸಣ್ಣ ಮಾತಲ್ಲ ತಂಗಿ. ಮೆಥಡಿಸ್ಟರಾಗ ಚರ್ಚಿನ ಕಟ್ಟಡ, ಜಾಗಾ ಎಲ್ಲಾ ಇಡೀ ಪಂಗಡದ ಹೆಸರಿನ್ಯಾಗ ಟ್ರಸ್ಟ್ ಇರತೈತಿ. ಈ ಪದ್ಧತಿ ಬೇರು ಮೆಥಡಿಸ್ಟ್ ಪಂಥ ಹುಟ್ಟಿಸಿದ ಜಾನ್ ವೆಸ್ಲಿಯ 1763ರ ಮಾದರಿ ಆಸ್ತಿ ಪತ್ರಕ್ಕ ಹೋಗತೈತಿ. ಛಾವಣಿ ಹಾಕಿಸಿದಾವ್ರು ನೀವಾ ಇರಬಹುದು, ಸಾಲಾ ತೀರಿಸಿದಾವ್ರೂ ನೀವಾ ಇರಬಹುದು, ಉಳುವವನೇ ಒಡೆಯ ಅನ್ನೋ ನಮ್ಮ 1974ರ ಕಾಯ್ದೆ ಇಲ್ಲೆ ನಡಿಯಂಗಿಲ್ಲ. ಅದಕ್ಕ ಈ ಕಿಂಡಿ ತೆಗದ ಕೂಡ್ಲೆ ಸುಮಾರು 7,600 ಚರ್ಚು ಹೊರಗ ಹೋದವು, ಅಂದ್ರ ಅಮೆರಿಕಾದಾಗಿನ ಅವರ ಚರ್ಚಿನ್ಯಾಗ ನಾಕರಾಗ ಒಂದು. ಎರಡು ವರ್ಷದ ವಂತಿಗಿ ಮತ್ತ ಪಾದ್ರಿಗಳ ಪೆನ್ಶನ್ನಿನ ಬಾಕಿ ಪಾಲು ಕಟ್ಟಿ ಹೋಗಬೇಕು. ಬಹಳ ಮಂದಿ 2022ರ ಮೇ ತಿಂಗಳದಾಗ ಶುರುವಾದ, ಹಳೇ ಸಂಪ್ರದಾಯ ಹಿಡದ ಗ್ಲೋಬಲ್ ಮೆಥಡಿಸ್ಟ್ ಚರ್ಚು ಸೇರಿದ್ರು. ಉಳದಾವ್ರು 2024ರಾಗ ಶಾರ್ಲೆಟ್‌ದಾಗ ಕೂಡಿ ನಿಷೇಧ ತೆಗದು ಹಾಕಿದ್ರು. ನೀ ನೋಡಾಕತ್ತಿದ್ದು ಅದರ ಮುಂದಿನ ಸಂಸಾರ.

ಹೊರಗ ಹೋಗಾಕ ಸಭಾದಾಗ ಹಾಜರಿದ್ದ ಮೆಂಬರುಗಳಾಗ ಮೂರರಾಗ ಎರಡು ಪಾಲು ಓಟು ಬೇಕಿತ್ತು. ನಮ್ಮಲ್ಲೆ ಹಾಜರಿದ್ದಾವ್ರು 171. ಬೇಕಾಗಿದ್ದು 114, ಬಿದ್ದದ್ದು 115. ನಮ್ಮ ಮನಿಯಿಂದ ಮೂರು ಓಟು: ನಂದು, ಹೆಂಡತೀದು, ಆ ವರ್ಷ ದೃಢೀಕರಣ ಆಗಿ ಮೆಂಬರ್ ಆಗಿದ್ದ ಮಗಂದು.

ಧರ್ಮದ ಪ್ರಶ್ನೆ ತೂಗಿ ನೋಡಿ ಓಟು ಹಾಕಿದೆ ಅಂತ ಹೇಳಿದ್ರ ಸುಳ್ಳಾಗತೈತಿ. ಆ ಮೂರು ತಿಂಗಳು ಊಟದ ಟೇಬಲ್ಲಿನ ಮ್ಯಾಲೆ ಬೈಬಲ್ಲಿಗಿಂತ ಜಾಸ್ತಿ ಪಾರ್ಕಿಂಗ್ ಜಾಗಾದ ಮಾತು ನಡೀತು. ನಾ ಓಟು ಹಾಕಿದ ಕಾರಣ ಹುಬ್ಬಳ್ಯಾಗ ಐತಿ.

ನಂಗ ಹತ್ತೊಂಬತ್ತು ವರ್ಷ ಇದ್ದಾಗ ನಮ್ಮ ಸಭೆಗೂ ಮ್ಯಾಲಿನವ್ರಿಗೂ ಕಂಪೌಂಡಿನ ಅಂಗಡಿ ಸಲುವಾಗಿ ಜಗಳ ಹತ್ತಿತ್ತು. ಯಾವ ಸಭೆ, ಯಾವ ಮ್ಯಾಲಿನವ್ರು ಅಂತ ಹೆಸರು ಎತ್ತಂಗಿಲ್ಲ. ನಿಂಗ ಇಂಥಾವು ಹೊಸಾವೇನಲ್ಲ. ಗೇಟಿಗೆ ಎರಡು ಕೀಲಿ ಬಿದ್ದಿದ್ದವು, ಒಂದು ಅವರದು, ಒಂದು ನಮ್ಮದು. ಆ ವರ್ಷ ಸುಗ್ಗಿ ಹಬ್ಬದ ಲಿಲಾವು ರಸ್ತೆದಾಗ ಆತು, ಕುಂಬಳಕಾಯಿ ಕೂಗೋಮುಂದ ಬಸ್ಸು ಹಾರ್ನ್ ಹೊಡೀತಿತ್ತು. ಅಪ್ಪ ರೈಲ್ವೆ ವರ್ಕ್‌ಶಾಪಿನಾವ. ಎರಡೂ ಕಡೆಯ ಅರ್ಜಿಗೆ ಸಹಿ ಹಾಕಲಿಲ್ಲ. ಭಾನುವಾರ ಗೇಟಿನ ಹೊರಗ ಚಾಪಿ ಹಾಸಿ ಕುಂತು ಪ್ರಾರ್ಥನಾ ಮಾಡಿ ಬರ್ತಿದ್ದ. ‘ಬೆನ್ನೆಲುಬಿಲ್ಲದಾವ’ ಅಂದ್ರು ಮಂದಿ. ನಾನೂ ಅಂದೆ, ಅವನ ಮುಂದನ.

ಟೆಕ್ಸಸ್‌ದಾಗ ಚೀಟಿ ಕೈಗೆ ಬಂದಾಗ ನಾ ಅಪ್ಪನಂಗ ಆಗಬಾರದು ಅನ್ನೋದೊಂದ ತಲಿಯಾಗಿತ್ತು. ಈ ದೇಶದಾಗ ನಂದೂ ಒಂದು ಓಟು ಐತಿ, ಸ್ವಂತ ಮನಿ ಐತಿ, ಸಾಲಾ ಇಲ್ಲ, ಯಾರ ಮುಲಾಜೂ ಇಲ್ಲ ಅನ್ನೋ ಸೊಕ್ಕು. ಹೌದು ಅಂತ ಹಾಕಿದೆ. ಹೆಂಡತಿ, ಮಗಗೂ ಹಂಗ ಹಾಕ್ರಿ ಅಂದೆ.

ಎಣಿಕಿ ಆದ ಮ್ಯಾಲೆ ಆ ಟೀಚರಮ್ಮ ಪಾರ್ಕಿಂಗಿನ್ಯಾಗ ಸಿಕ್ಲು. ಆ ಚರ್ಚಿನ ಜಾಗಾದಾಗ ಸ್ವಲ್ಪ ಆಕಿ ಅಜ್ಜ ಕೊಟ್ಟದ್ದು. ಆಕಿ ಬ್ಯಾಡ ಅಂತ ಹಾಕಿದ್ಲು ಅನ್ನೂದು ಎಲ್ಲಾರಿಗೂ ಗೊತ್ತಿತ್ತು. ನಾ ಏನು ಹೇಳಬೇಕು ಅಂತ ತೊದಲೂದರಾಗ ಆಕಿ ನನ್ನ ಕಾರು ನೋಡಿ, ‘ಆಯಿಲ್ ಬದಲಿ ಮಾಡಿಸಿದ್ಯಾ?’ ಅಂತ ಕೇಳಿದ್ಲು. ಮಾಡಿಸೀನಿ ಅಂದೆ. ಮಾಡಿಸಿರಲಿಲ್ಲ. ಮುಂದಿನ ಭಾನುವಾರದಿಂದ ಆಕಿ ಯುನೈಟೆಡ್ ಮೆಥಡಿಸ್ಟರಾಗ ಉಳದ ಆ ಸಣ್ಣ ಚರ್ಚಿಗೆ ಹೋಗಾಕ ಹತ್ತಿದ್ಲು, ಒಂದು ಮೈಲು ಆಚೆ. ಅಪ್ಪಗ ಫೋನಿನ್ಯಾಗ ಎಲ್ಲಾ ಹೇಳಿದೆ. ಚರ್ಚು ಉಳಿಸಿಕೊಂಡ್ವಿ ಅಂದೆ. ‘ಆ ಮುದುಕಿ ಏನಂದ್ಲು?’ ಅಂತ ಅಷ್ಟ ಕೇಳಿದ. ಹೋದ ವರ್ಷ ಅಪ್ಪ ತೀರಿಕೊಂಡ. ಆಕಿ ಮನಿಗೆ ಇನ್ನೂ ಹೋಗಿಲ್ಲ ನಾನು.

ಫಾರ್ಮಿಗೆ ಸಹಿ ಹಾಕಬ್ಯಾಡ, ಒಂದು ವರ್ಷನಾದ್ರೂ. ಹಾಡಾಕ, ಪ್ರಭುಭೋಜನ ತಗೊಳ್ಳಾಕ ಮೆಂಬರ್ ಆಗಬೇಕಂತಿಲ್ಲ. ಎರಡೂ ಕಡೆ ಕುಂತು ನೋಡು. ನಮ್ಮ ಕಡೆ ಹಾಡು ಚೊಲೊ ಅದಾವು, ಮಗಳಿಗೆ ಜೋಡಿ ಹುಡುಗೂರೂ ಸಿಗತಾರ.

ಸಣ್ಣ ಚರ್ಚಿಗೆ ಮೊದಲು ಹೋದಿ ಅಂದ್ರ, ಎಡಗಡೆ ಕಿಡಕಿ ಬಾಜು ಆ ಟೀಚರಮ್ಮ ಕುಂದ್ರತಾಳ, ಕೈಯಾಗ ಕೋಲು ಇರತೈತಿ. ರೊಟ್ಟಿ ಮಾಡಿದ್ರ ಎರಡು ತಗೊಂಡು ಹೋಗು, ಶೇಂಗಾ ಹಿಂಡಿ ಜೊತೀಗೆ. ಅಪ್ಪ ತಿನಿಸಿದ್ದ, ಆಕಿಗೆ ಸೇರತೈತಿ. ನನ್ನ ಹೆಸರು ಹೇಳಬ್ಯಾಡ. ಕೇಳಿದ್ರ ಹುಬ್ಬಳ್ಳಿ ಕಡೆಯಾಕಿ ಅನ್ನು.