ನೀವು ಕೇಳಿದ್ದೀರಿ: ಅರ್ಮೇನಿಯಾದ ಸೊಪ್ಪಿನ ರೊಟ್ಟಿ

ಪ್ರಶ್ನೆ: ಅರ್ಮೇನಿಯಾದ ಬೀದಿಬದಿಯಲ್ಲಿ ‘ಝಿಂಗ್ಯಾಲೊವ್ ಹಾಟ್ಸ್’ ಎಂಬ ಸೊಪ್ಪು ತುಂಬಿದ ರೊಟ್ಟಿ ಮಾರುತ್ತಾರಂತೆ. ಆ ಹೆಸರಿಗೆ ಏನರ್ಥ? ಇಪ್ಪತ್ತು ಬಗೆಯ ಸೊಪ್ಪು ಇರಲೇಬೇಕೆ?

ಉತ್ತರ: ‘ಹಾಟ್ಸ್’ ಅಂದರೆ ರೊಟ್ಟಿ. ‘ಝಿಂಗ್ಯಾಲ್’ ಅನ್ನುವುದು ಕರಾಬಾಖ್ ಕಡೆಯ ಆಡುಮಾತಿನಲ್ಲಿ ಸೊಪ್ಪುಸದೆ. ನಡುವಿನ ‘ಒವ್’ ಅರ್ಮೇನಿಯನ್ ಭಾಷೆಯ ತೃತೀಯಾ ವಿಭಕ್ತಿ. ಮೂರನ್ನೂ ಕೂಡಿಸಿದರೆ ‘ಸೊಪ್ಪು ಹಾಕಿದ ರೊಟ್ಟಿ’, ಅಷ್ಟೇ. ಇದರ ತವರು ನಾಗೋರ್ನೊ ಕರಾಬಾಖ್, ಅಂದರೆ ಅರ್ಮೇನಿಯನ್ನರು ಆರ್ತ್ಸಾಖ್ ಎಂದು ಕರೆಯುವ ಬೆಟ್ಟದ ಸೀಮೆ, ಮತ್ತು ಅದಕ್ಕೆ ಹೊಂದಿಕೊಂಡ ಸ್ಯೂನಿಕ್ ಪ್ರಾಂತ್ಯ. 2023ರ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕರಾಬಾಖ್ ತೊರೆದು ಬಂದರು. ಕರಾಬಾಖ್‌ನ ಮುಖ್ಯ ಪಟ್ಟಣ ಸ್ಟೆಪಾನಕೆರ್ಟ್‌ನ ಮಾರುಕಟ್ಟೆಯಲ್ಲಿ ಬೇಯುತ್ತಿದ್ದ ರೊಟ್ಟಿ ಈಗ ಅರ್ಮೇನಿಯಾದ ಗೋರಿಸ್ ಮತ್ತು ಯೆರೆವಾನ್‌ಗಳಲ್ಲಿ ಬೇಯುತ್ತಿದೆ.

ಇನ್ನು ಇಪ್ಪತ್ತರ ಲೆಕ್ಕ. ಅದು ಹೆಚ್ಚಾಗಿ ಜಂಬದ ಮಾತು. ವಸಂತದಲ್ಲಿ ಬೆಟ್ಟಕ್ಕೆ ಹೋಗಿ ಸೊಪ್ಪು ಕೀಳುವವರ ಚೀಲದಲ್ಲಿ ಇಪ್ಪತ್ತು ಬಗೆ ಇದ್ದರೂ ಇರಬಹುದು. ಏಳೆಂಟು ಬಗೆಯಲ್ಲೂ ಒಳ್ಳೆಯ ರೊಟ್ಟಿ ಆಗುತ್ತದೆ. ಎಣಿಕೆಗಿಂತ ಪಾಲು ಮುಖ್ಯ. ಹತ್ತು ಪಾಲು ಸೊಪ್ಪಿನಲ್ಲಿ ಏಳು ಪಾಲು ಸಪ್ಪೆ ರುಚಿಯದ್ದಿರಲಿ: ಪಾಲಕ್, ಚಕ್ಕೋತ, ಬೀಟ್‌ರೂಟ್ ಎಲೆ, ಎಳೆಯ ತುರಚಿ ಕುಡಿ, ಕಾಡು ಸೊಪ್ಪುಗಳು. ಎರಡು ಪಾಲು ಪರಿಮಳದ್ದು: ಕೊತ್ತಂಬರಿ, ಸಬ್ಬಸಿಗೆ, ಈರುಳ್ಳಿ ಎಲೆ. ಉಳಿದ ಒಂದು ಪಾಲು ಹುಳಿ ಸೊಪ್ಪು. ಪುದೀನ ಹಾಕುವುದಾದರೆ ನಾಲ್ಕೈದು ಎಲೆ ಸಾಕು. ಒಂದು ಹಿಡಿ ಬಿದ್ದರೆ ಇಡೀ ರೊಟ್ಟಿ ಪುದೀನದ್ದೇ ಆಗಿ, ಮಿಕ್ಕ ಸೊಪ್ಪು ಇದ್ದೂ ಇಲ್ಲದಂತೆ.

ಪ್ರಶ್ನೆ: ಎರಡು ಸಲ ಮಾಡಿ ನೋಡಿದೆ. ಎರಡು ಸಲವೂ ಹೂರಣ ನೀರು ಬಿಟ್ಟು ಕಣಕ ತೊಯ್ದು ಹರಿಯಿತು. ಅಳತೆ ಸಮೇತ ವಿಧಾನ ತಿಳಿಸಿ.

ಉತ್ತರ: ನೂರಕ್ಕೆ ತೊಂಬತ್ತು ಮಂದಿ ಎಡವುವುದು ಇಲ್ಲೇ. ತಪ್ಪು ಕಣಕದ್ದಲ್ಲ, ಉಪ್ಪಿನದ್ದು. ಹೆಚ್ಚಿದ ಸೊಪ್ಪಿಗೆ ಉಪ್ಪು ಬಿದ್ದರೆ ಅದು ಎಲೆಯ ಒಳಗಿನ ನೀರನ್ನು ಎಳೆದು ಹೊರಗೆ ಹಾಕುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿ, ಪಾತ್ರೆಯ ತಳದಲ್ಲಿ ಹಸಿರು ನೀರು ನಿಂತಿರುತ್ತದೆ. ಅದನ್ನು ಕಣಕದೊಳಗೆ ಕಟ್ಟಿದರೆ ಹರಿಯದೆ ಇನ್ನೇನಾದೀತು?

ಎಂಟು ರೊಟ್ಟಿಗೆ 500 ಗ್ರಾಂ ಮೈದಾ, ಒಂದು ಟೀ ಚಮಚ ಉಪ್ಪು, ಸುಮಾರು 300 ಮಿಲಿ ಉಗುರುಬೆಚ್ಚಗಿನ ನೀರು. ನೀರನ್ನು ಒಂದೇ ಸಲ ಸುರಿಯಬೇಡಿ, ಕೊನೆಯ ಎರಡು ಚಮಚ ನೀರು, ಹಿಟ್ಟು ಕೇಳಿದರೆ ಮಾತ್ರ. ಎಂಟು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆ ಉಳಿಸಲು ಹೋದರೆ ಲಟ್ಟಿಸಿದ್ದೆಲ್ಲ ರಬ್ಬರಿನಂತೆ ಹಿಂದಕ್ಕೆ ಸೆಳೆಯುತ್ತದೆ. ಯೀಸ್ಟ್ ಬೇಡ. ಕಣಕ ಉಬ್ಬಿದರೆ ರೊಟ್ಟಿ ದಪ್ಪವಾಗಿ ಸೊಪ್ಪಿನ ರುಚಿ ಮರೆಯಾಗುತ್ತದೆ.

ಸೊಪ್ಪು, ಬಿಡಿಸಿದ ಮೇಲೆ, 900 ಗ್ರಾಂ. ತೊಳೆದು ಬಟ್ಟೆಯ ಮೇಲೆ ಹರಡಿ, ಮುಟ್ಟಿದರೆ ಕೈಗೆ ತೇವ ಅಂಟದಷ್ಟು ಒಣಗಿಸಿ. ಆಮೇಲೆ ಹರಿತವಾದ ಚಾಕುವಿನಿಂದ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ಎಲೆ ಜಜ್ಜಿ ಚಟ್ನಿಯಾಗುತ್ತದೆ. ದಪ್ಪ ದಂಟು ತೆಗೆದುಬಿಡಿ, ಕಣಕ ತೂತಾಗುವುದು ಅದರಿಂದಲೇ.

ಈಗ ಒಲೆ ಹಚ್ಚಿ. ತವೆ ಕಾಯುತ್ತಿರುವಾಗ 100 ಗ್ರಾಂನ ಒಂದು ಉಂಡೆಯನ್ನು 22 ಸೆಂಟಿಮೀಟರ್ ಅಗಲಕ್ಕೆ, ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಆಮೇಲಷ್ಟೇ ಒಂದು ರೊಟ್ಟಿಗಾಗುವ ಸೊಪ್ಪು, ಎರಡು ತುಂಬು ಹಿಡಿ, ಬೇರೆ ಬಟ್ಟಲಿಗೆ ತೆಗೆದುಕೊಂಡು ಮೊದಲು ಒಂದೂವರೆ ಟೀ ಚಮಚ ಸೂರ್ಯಕಾಂತಿ ಎಣ್ಣೆ ಸವರಿ, ನಂತರ ಒಂದು ಚಿಟಿಕೆ ಉಪ್ಪು, ಬೇಕಿದ್ದರೆ ಕೆಂಪು ಮೆಣಸಿನ ಪುಡಿ ಹಾಕಿ ಕಲಸಿ. ಎಲೆಗೆ ಎಣ್ಣೆಯ ಲೇಪ ಮೊದಲೇ ಆಗಿದ್ದರೆ ಉಪ್ಪು ನಿಧಾನವಾಗಿ ಹಿಡಿಯುತ್ತದೆ. ಎಂಟಕ್ಕೂ ಒಟ್ಟಿಗೆ ಕಲಸಿಟ್ಟುಕೊಳ್ಳುವ ಆಸೆ ಬೇಡ.

ಪ್ರಶ್ನೆ: ಅಂಚು ಮುಚ್ಚಿದ ಜಾಗ ಬೇಯಿಸುವಾಗ ಬಿಟ್ಟುಕೊಳ್ಳುತ್ತದೆ. ಎರಡೂ ತುದಿ ಹಸಿಹಿಟ್ಟಾಗಿಯೇ ಉಳಿಯುತ್ತದೆ.

ಉತ್ತರ: ಇದಕ್ಕೆ ಹೋಳಿಗೆಯಂತೆ ಅಂಚನ್ನೆಲ್ಲ ನಡುವಿಗೆ ಒಟ್ಟು ಮಾಡುವ ಕ್ರಮವಿಲ್ಲ. ಸೊಪ್ಪನ್ನು ನಡುವೆ ಉದ್ದಕ್ಕೆ ರಾಶಿ ಮಾಡಿ, ಎಡ ಬಲ ಅಂಚುಗಳನ್ನು ಮೇಲೆತ್ತಿ, ಬೆನ್ನೆಲುಬಿನ ಹಾಗೆ ಒಂದೇ ಗೆರೆಯಲ್ಲಿ ಚಿವುಟುತ್ತಾ ಹೋಗಬೇಕು. ಆಗ ಅದು ಎರಡು ಕಡೆ ಚೂಪಾದ ದೋಣಿಯಂತೆ ಕಾಣುತ್ತದೆ. ಅಂಚಿಗೆ ಒಣಹಿಟ್ಟು ಅಥವಾ ಎಣ್ಣೆ ತಾಗಿದ್ದರೆ ಹಿಡಿಯುವುದಿಲ್ಲ. ಆದ್ದರಿಂದ ಸೊಪ್ಪು ಹಾಕುವಾಗ ಸುತ್ತ ಎರಡು ಬೆರಳಗಲ ಬಿಡಿ. ಚಿವುಟಿದ ಮೇಲೆ ತುದಿಗಳಲ್ಲಿ ಹೆಚ್ಚಾದ ಹಿಟ್ಟನ್ನು ಕಿತ್ತು ತೆಗೆಯಿರಿ. ನಿಮ್ಮ ರೊಟ್ಟಿಯ ತುದಿ ಹಸಿಯಾಗಿ ಉಳಿಯುವುದು ಅಲ್ಲಿ ಮೂರು ನಾಲ್ಕು ಪದರ ಕೂಡಿರುವುದರಿಂದ.

ಆಮೇಲೆ ಗೆರೆ ಕೆಳಗೆ ಬರುವಂತೆ ಮಗುಚಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಮೆಲ್ಲಗೆ ಒತ್ತಿ. ಒಂದು ಸೆಂಟಿಮೀಟರ್ ದಪ್ಪಕ್ಕೆ ಬಂದಾಗ ಕಣಕದ ಅಡಿಯಲ್ಲಿ ಸೊಪ್ಪಿನ ಹಸಿರು ಮಂಜುಗಾಜಿನ ಹಿಂದೆ ಇದ್ದಂತೆ ಕಾಣಬೇಕು. ಕಾಣದಿದ್ದರೆ ಕಣಕ ದಪ್ಪವಾಯಿತು ಅಂತಲೇ ಅರ್ಥ.

ಪ್ರಶ್ನೆ: ಅಲ್ಲಿ ಎಂಥ ತವೆಯಲ್ಲಿ ಬೇಯಿಸುತ್ತಾರೆ? ಎಣ್ಣೆ ಹಾಕಬೇಕೆ?

ಉತ್ತರ: ಅದಕ್ಕೆ ‘ಸಾಜ್’ ಎನ್ನುತ್ತಾರೆ, ಬೋರಲು ಹಾಕಿದ ಬಾಣಲೆಯಂತೆ ಉಬ್ಬಿದ ಕಬ್ಬಿಣದ ತಟ್ಟೆ. ಎಣ್ಣೆ ಬೇಡ, ಒಣ ತವೆಯೇ ಸರಿ. ಮನೆಯಲ್ಲಿ ದಪ್ಪ ತಳದ ಕಬ್ಬಿಣದ ತವೆ ಸಾಕು. ಮಧ್ಯಮ ಉರಿಯಲ್ಲಿ ಗೆರೆ ಇರುವ ಬದಿಯನ್ನು ಮೊದಲು ಕೆಳಗಿಟ್ಟು ಮೂರು ನಾಲ್ಕು ನಿಮಿಷ, ತಿರುವಿ ಹಾಕಿ ಎರಡು ಮೂರು ನಿಮಿಷ. ಮೊದಲ ಬಿಸಿಗೇ ಗೆರೆ ಬೆಸೆದುಕೊಳ್ಳುತ್ತದೆ. ಅಲ್ಲಲ್ಲಿ ಕಂದು ಚುಕ್ಕೆ ಬಿದ್ದರೆ ಆಯಿತು. ಉರಿ ತೀರಾ ಸಣ್ಣದಾದರೆ ಕಣಕ ಬೇಯುವ ಮೊದಲೇ ಒಣಗಿ ಹಪ್ಪಳದಂತೆ ಮುರಿಯುತ್ತದೆ. ಒಳಗಿನ ಸೊಪ್ಪು ಬೇಯುವುದು ತನ್ನದೇ ಹಬೆಯಲ್ಲಿ. ಅದು ಬಣ್ಣ ಕಳೆದುಕೊಳ್ಳುವಷ್ಟು ಬೇಯಬಾರದು.

ಪ್ರಶ್ನೆ: ಚೀಸ್ ಅಥವಾ ಮೊಟ್ಟೆ ಸೇರಿಸಬಹುದೇ? ಅಜರ್‌ಬೈಜಾನಿನ ಕುತಾಬ್ ಕೂಡ ಇದೇ ಅಲ್ಲವೇ?

ಉತ್ತರ: ಸೇರಿಸಿದರೆ ಯಾರೂ ತಡೆಯುವುದಿಲ್ಲ, ಆದರೆ ಅದು ಬೇರೆ ತಿಂಡಿ. ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲದ್ದರಿಂದಲೇ ಇದು ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಿಗೆ ಒಗ್ಗಿದ ಊಟ. ಬೆಟ್ಟದಲ್ಲಿ ಸೊಪ್ಪು ಚಿಗುರುವ ಕಾಲವೂ ಅದೇ. ಕುತಾಬ್ ನೆಂಟನೇ, ಆದರೆ ಅದನ್ನು ತೆಳ್ಳಗೆ ಲಟ್ಟಿಸಿ ಅರ್ಧಚಂದ್ರಾಕಾರವಾಗಿ ಮಡಿಸುತ್ತಾರೆ, ಬೆಂದ ಮೇಲೆ ಬೆಣ್ಣೆ ಸವರುತ್ತಾರೆ. ಝಿಂಗ್ಯಾಲೊವ್ ಹಾಟ್ಸ್ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಾರೆ, ಅದಕ್ಕೆ ಅಲ್ಲಿ ‘ತಾನ್’ ಎನ್ನುತ್ತಾರೆ. ವೈನ್ ಕುಡಿಯುವವರೂ ಉಂಟು.

ಪ್ರಶ್ನೆ: ಕಾಡು ಸೊಪ್ಪು ನಾವೇ ಕಿತ್ತು ಬಳಸಬಹುದೇ? ಮಾಡಿದ್ದನ್ನು ಎಷ್ಟು ಹೊತ್ತು ಇಡಬಹುದು?

ಉತ್ತರ: ಗುರುತಿಲ್ಲದ ಸೊಪ್ಪು ಬೇಡವೇ ಬೇಡ. ಕಾಕಸಸ್ ಬೆಟ್ಟಗಳಲ್ಲಿ ಸಬ್ಬಸಿಗೆ, ಕೊತ್ತಂಬರಿಯ ಕುಟುಂಬಕ್ಕೇ ಸೇರಿದ ಹೆಮ್ಲಾಕ್ ಎಂಬ ವಿಷದ ಗಿಡವೂ ಬೆಳೆಯುತ್ತದೆ. ಅದರ ಸೀಳುಸೀಳಾದ ಎಲೆ ನೋಡಿ ಮೋಸ ಹೋಗುವುದು ಸುಲಭ. ತುರಚಿಯನ್ನು ಕೈಗವಸು ಹಾಕಿ ಕೀಳಿ. ಸಣ್ಣಗೆ ಹೆಚ್ಚಿ ಬೇಯಿಸಿದ ಮೇಲೆ ಚುಚ್ಚುವುದಿಲ್ಲ.

ಸೊಪ್ಪು ತುಂಬಿದ ಹಸಿ ರೊಟ್ಟಿಯನ್ನು ಹಾಗೇ ಇಟ್ಟುಬಿಡಬೇಡಿ, ತಕ್ಷಣ ತವೆಗೆ ಹಾಕಿ. ಬೆಂದದ್ದನ್ನು ಬಿಸಿಯಾಗಿಯೇ ತಿನ್ನುವುದು ಚೆಂದ. ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನ ಒಣ ತವೆಯ ಮೇಲೆ ಬಿಸಿ ಮಾಡಿ. ಮೈಕ್ರೋವೇವ್ ಅದನ್ನು ಒದ್ದೆ ಬಟ್ಟೆಯಂತೆ ಮೆತ್ತಗಾಗಿಸುತ್ತದೆ. ಹೆಚ್ಚಿದ ಸೊಪ್ಪು ಮಿಕ್ಕಿದ್ದರೆ, ಉಪ್ಪು ಸೋಕಿಸದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟು ಮರುದಿನವೇ ಬಳಸಿಬಿಡಿ.